ಬಾಸ್ ಗಿಟಾರು: ಅದರ ಒಳರಚನೆ, ದುರಸ್ತಿ ಮತ್ತು ಖರೀದಿ

ಕಳೆದ ಆಟಿ ತಿಂಗಳ ಒಂದು ಸಂಜೆ ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆಯವರು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ವಾದ್ಯವನ್ನು ಹೊತ್ತು ಶಾಲೆಗೆ ಬಂದರು. ಅದು ನಾಲ್ಕು ತಂತಿಗಳ ಬಾಸ್ ಗಿಟಾರು. ಮಗನು ಶಾಲೆಯ ಗಾಯನ ತಂಡದಲ್ಲಿ ನುಡಿಸಲೆಂದು, ಅಡಿಕೆ ಮಾರಿದ ಹಣದಿಂದ ಆ ಹಳೆಯ ವಾದ್ಯವನ್ನು ಅವರು ಕೊಂಡಿದ್ದರು. ಎರಡೇ ತಿಂಗಳಲ್ಲಿ ಅದು ಮೂಕವಾಯಿತು. ಪೇಟೆಯ ದುರಸ್ತಿಗಾರರೊಬ್ಬರು, ಒಳಗಿನ ವಿದ್ಯುತ್ ಸಾಮಗ್ರಿಯನ್ನೆಲ್ಲ ಬದಲಿಸಬೇಕೆಂದು ಹೇಳಿ, ಕೊಂಡ ಬೆಲೆಯ ಅರ್ಧಕ್ಕೆ ಸಮೀಪವಾದ ಮೊತ್ತವನ್ನು ಕೇಳಿದರಂತೆ. “ಮಾಷ್ಟ್ರೇ, ಇದನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುವುದೇ ಲೇಸೋ?” ಎಂದು ಅವರು ಕೇಳಿದರು. ಮಗನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದನು.

ನಾವು ಸಂಗೀತಗಾರರೂ ಅಲ್ಲ, ವಿಜ್ಞಾನದ ಅಧ್ಯಾಪಕರೂ ಅಲ್ಲ. ಆದರೂ ಒಂದು ವಾರದ ಅವಧಿಯನ್ನು ಕೇಳಿಕೊಂಡು, ವಿಜ್ಞಾನದ ಅಧ್ಯಾಪಕರನ್ನೂ ಕೆಲವು ವಿದ್ಯಾರ್ಥಿಗಳನ್ನೂ ಸೇರಿಸಿ ವಾದ್ಯವನ್ನು ಬಿಚ್ಚಿ ನೋಡಿದೆವು. ಆ ವಾರದಲ್ಲಿ ಕಲಿತುದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

೧. ವಾದ್ಯದ ಪರಿಚಯ

ಹಿಂದೆ ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಮಂದ್ರಸ್ವರಗಳಿಗಾಗಿ ಡಬಲ್ ಬಾಸ್ ಎಂಬ, ಆಳೆತ್ತರದ ಪಿಟೀಲಿನಂತಹ ವಾದ್ಯವಿದ್ದಿತು. ಅದನ್ನು ಸಾಗಿಸುವುದು ಕಷ್ಟ. ಮೆಟ್ಟಿಲುಗಳಿಲ್ಲದ ಕಾರಣ ಸರಿಯಾದ ಸ್ವರಸ್ಥಾನವನ್ನು ಹಿಡಿಯುವುದೂ ಕಷ್ಟ. ಅಮೆರಿಕೆಯ ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಎಂಬವರು 1930ರ ದಶಕದಲ್ಲಿಯೇ ಮೆಟ್ಟಿಲುಗಳುಳ್ಳ ವಿದ್ಯುತ್ ಬಾಸನ್ನು ನಿರ್ಮಿಸಿದ್ದರು. ಆದರೆ ಅದು ಬಳಕೆಗೆ ಬಂದುದು 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರರು ‘ಪ್ರಿಸಿಷನ್ ಬಾಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆ. ಮೆಟ್ಟಿಲುಗಳಿಂದ ಸ್ವರವು ನಿಖರವಾಗಿ ದೊರೆಯುವುದರಿಂದಲೇ ಅದಕ್ಕೆ ಆ ಹೆಸರು. ಇಂದು ದೊರೆಯುವ ಅಗ್ಗದ ವಾದ್ಯಗಳಲ್ಲಿ ಅನೇಕವು ಆ ಮಾದರಿಯನ್ನೇ ಅನುಸರಿಸಿವೆ.

ವೀಣೆಯನ್ನು ಬಲ್ಲವರಿಗೆ ಇದರ ಅಂಗಗಳು ಹೊಸತಲ್ಲ: ದಂಡಿ, ಮೆಟ್ಟಿಲು, ಬಿರಡೆ, ಕುದುರೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿದ್ದರೆ, ಇಲ್ಲಿ ಲೋಹದ ಮೆಟ್ಟಿಲುಗಳು ಮರದ ಸೀಳಿನಲ್ಲಿ ಬಿಗಿದಿವೆ. ನಾಲ್ಕು ತಂತಿಗಳ ಸ್ವರಗಳು ಕೆಳಗಿನಿಂದ ಇ, ಎ, ಡಿ, ಜಿ. ಅವು ಸೆಕೆಂಡಿಗೆ ಕ್ರಮವಾಗಿ ಸುಮಾರು 41, 55, 73 ಮತ್ತು 98 ಸಲ ಕಂಪಿಸುತ್ತವೆ. ಕುದುರೆಯಿಂದ ಮೇರುವಿನವರೆಗೆ ತಂತಿಯ ಉದ್ದ ಸಾಧಾರಣವಾಗಿ 34 ಅಂಗುಲ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, ಎಂದರೆ 17 ಅಂಗುಲಕ್ಕೆ ಬರುತ್ತದೆ. ಅಲ್ಲಿ ಒತ್ತಿದರೆ ಕಂಪನವು ಇಮ್ಮಡಿಯಾಗಿ ಮೇಲಿನ ಸ್ಥಾಯಿಯ ಅದೇ ಸ್ವರ ದೊರೆಯುತ್ತದೆ.

೨. ತಂತಿಯ ನಾದವು ವಿದ್ಯುತ್ತಾಗುವ ಬಗೆ

ಈ ವಾದ್ಯದ ಒಡಲು ಗಟ್ಟಿ ಮರ. ವೀಣೆಯಂತೆ ಟೊಳ್ಳು ಕೊಡವಿಲ್ಲ. ಹಾಗಾದರೆ ನಾದವು ದೊಡ್ಡದಾಗುವುದು ಹೇಗೆ? ಮೈಕಲ್ ಫ್ಯಾರಡೆಯವರು 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆ ಉತ್ತರ. ತಂತಿಗಳ ಕೆಳಗೆ ‘ಪಿಕಪ್’ ಎಂಬ ಪುಟ್ಟ ಪೆಟ್ಟಿಗೆಯಿದೆ. ಅದರೊಳಗೆ ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕು ಅಥವಾ ನಿಕ್ಕಲಿನ ವಾದ್ಯತಂತಿಯು ಅಯಸ್ಕಾಂತದ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರವು ಅಲುಗಾಡುತ್ತದೆ. ಸುರುಳಿಯಲ್ಲಿ ಅದೇ ಲಯದ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫಯರು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ನೈಲಾನ್ ತಂತಿಯನ್ನು ಹಾಕಿದರೆ ಈ ಪಿಕಪ್ಪು ಏನನ್ನೂ ಕೇಳಿಸಿಕೊಳ್ಳಲಾರದು.

ಇಲ್ಲಿ ಒಂದು ತೊಡಕುಂಟು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಅದರ ಕಾಂತಕ್ಷೇತ್ರವೂ ಸುರುಳಿಯನ್ನು ತಟ್ಟಿ ‘ಗುಂಯ್’ ಎಂಬ ಸದ್ದನ್ನುಂಟುಮಾಡುತ್ತದೆ. ಇ ತಂತಿಯ ಮೂರನೆಯ ಮೆಟ್ಟಿಲಿನ ಸ್ವರವು 49 ಆವರ್ತನಗಳದಾದ್ದರಿಂದ, ಈ ಗುಂಯ್‌ಕಾರವು ವಾದ್ಯದ ಸ್ವಂತ ಸ್ವರಗಳ ನಡುವೆಯೇ ಬಂದು ಕೂರುತ್ತದೆ. 1957ರಿಂದ ಪ್ರಿಸಿಷನ್ ಬಾಸಿನಲ್ಲಿ ಎರಡು ತುಂಡುಗಳ ಪಿಕಪ್ಪು ಬಂದಿತು. ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ. ಅಯಸ್ಕಾಂತದ ಧ್ರುವವೂ ವಿರುದ್ಧ. ಹೊರಗಿನಿಂದ ಬಂದ ಸದ್ದು ಎರಡರಲ್ಲಿಯೂ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ಸ್ವರವು ಮಾತ್ರ ಉಳಿಯುತ್ತದೆ.

೩. ತಂತಿಜೋಡಣೆ

ಸಾಮಾನ್ಯ ಬಾಸಿನ ಒಳಗೆ ಇರುವುದು ಇಷ್ಟೇ: ಪಿಕಪ್ಪು, 250 ಕಿಲೋ ಓಮಿನ ಎರಡು ಪಾಟುಗಳು (ಒಂದು ಧ್ವನಿಯ ಪ್ರಮಾಣಕ್ಕೆ, ಇನ್ನೊಂದು ಧ್ವನಿಯ ಬಣ್ಣಕ್ಕೆ), ಒಂದು ಕೆಪಾಸಿಟರು ಮತ್ತು ಒಂದು ಜ್ಯಾಕು. ಪಿಕಪ್ಪಿನಿಂದ ಎರಡು ತಂತಿಗಳು ಹೊರಡುತ್ತವೆ. ಒಂದು ಸಂಕೇತವನ್ನು ಒಯ್ಯುವುದು. ಅದು ಧ್ವನಿಯ ಪಾಟಿನ ಒಂದು ಕಿವಿಗೆ ಬಂದು, ನಡುಗಿವಿಯಿಂದ ಜ್ಯಾಕಿನ ತುದಿಗೆ ಹೋಗುತ್ತದೆ. ಇನ್ನೊಂದು ನೆಲದ ತಂತಿ. ಅದು ಪಾಟುಗಳ ಬೆನ್ನಿಗೂ ಜ್ಯಾಕಿನ ಹೊರಭಾಗಕ್ಕೂ ಸೇರುತ್ತದೆ. ಕುದುರೆಯ ಕೆಳಗಿನಿಂದ ಬರುವ ಒಂದು ತಂತಿಯೂ ಇದೇ ನೆಲಕ್ಕೆ ಸೇರುವುದರಿಂದ ವಾದ್ಯತಂತಿಗಳೆಲ್ಲ ನೆಲದ ಸಂಪರ್ಕದಲ್ಲಿರುತ್ತವೆ.

ಕೆಪಾಸಿಟರಿನ ಕೆಲಸವನ್ನು ಲೆಕ್ಕದಿಂದ ತಿಳಿಯಬಹುದು. 0.047 ಮೈಕ್ರೊಫ್ಯಾರಡಿನ ಕೆಪಾಸಿಟರು 41 ಆವರ್ತನಗಳ ಮಂದ್ರಸ್ವರಕ್ಕೆ ಸುಮಾರು 82,000 ಓಮುಗಳ ತಡೆಯೊಡ್ಡುತ್ತದೆ. 4,100 ಆವರ್ತನಗಳ ತಾರಧ್ವನಿಗೆ ಅದರ ನೂರರಲ್ಲೊಂದು ಪಾಲು, ಎಂದರೆ ಸುಮಾರು 820 ಓಮುಗಳನ್ನು ಮಾತ್ರ. ಆದುದರಿಂದ ಗುಬ್ಬಿಯನ್ನು ಇಳಿಸಿದಾಗ ತೀಕ್ಷ್ಣವಾದ ಧ್ವನಿಯು ನೆಲಕ್ಕೆ ಹರಿದುಹೋಗಿ, ಮಂದ್ರವು ಉಳಿಯುತ್ತದೆ.

೪. ದೋಷವನ್ನು ಹುಡುಕುವ ಕ್ರಮ

ದುರಸ್ತಿಯಲ್ಲಿ ಮೊದಲ ನಿಯಮವೆಂದರೆ, ಹೊರಗಿನಿಂದ ಒಳಕ್ಕೆ ಹೋಗತಕ್ಕದ್ದು; ಸುಲಭವಾದುದನ್ನು ಮೊದಲು ನೋಡತಕ್ಕದ್ದು.

ಮೊದಲು ಕೇಬಲನ್ನು ಬದಲಿಸಿ ನೋಡಿರಿ. ಹಲವು ವೇಳೆ ದೋಷವು ಅಲ್ಲಿಯೇ ಇರುತ್ತದೆ. ಗುಬ್ಬಿಯನ್ನು ತಿರುಗಿಸುವಾಗ ಮಾತ್ರ ಕರಕರ ಸದ್ದಾದರೆ ಪಾಟಿನೊಳಗೆ ಧೂಳು ಅಥವಾ ಕಿಲುಬು ಸೇರಿದೆಯೆಂದು ತಿಳಿಯಬೇಕು. ಕಾಂಟ್ಯಾಕ್ಟ್ ಕ್ಲೀನರನ್ನು ಸ್ವಲ್ಪ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತಂತಿಯನ್ನು ಮುಟ್ಟಿದರೆ ಗುಂಯ್‌ಕಾರವು ಕಡಮೆಯಾಗದೆ, ಜ್ಯಾಕಿನ ಲೋಹವನ್ನು ಮುಟ್ಟಿದಾಗ ಮಾತ್ರ ಕಡಮೆಯಾದರೆ, ಕುದುರೆಯ ನೆಲದ ತಂತಿ ಕಡಿದಿರಬಹುದು. ಪಿಕಪ್ಪನ್ನು ಸ್ಕ್ರೂಡ್ರೈವರಿನಿಂದ ಮೆಲ್ಲನೆ ತಟ್ಟಿದಾಗ ಧ್ವನಿವರ್ಧಕದಲ್ಲಿ ‘ಟಕ್’ ಎಂದರೆ ಪಿಕಪ್ಪಿನಿಂದ ಆಂಪ್ಲಿಫಯರಿನವರೆಗೆ ದಾರಿ ತೆರೆದಿದೆ ಎಂದರ್ಥ.

ಆಮೇಲೆ ಮಲ್ಟಿಮೀಟರು. ಆಂಪ್ಲಿಫಯರಿನಿಂದ ಬಿಡಿಸಿದ ಕೇಬಲನ್ನು ವಾದ್ಯಕ್ಕೆ ಚುಚ್ಚಿ, ಧ್ವನಿಯ ಗುಬ್ಬಿಯನ್ನು ಪೂರ್ತಿ ಏರಿಸಿ, ಮೀಟರನ್ನು 20 ಕಿಲೋ ಓಮಿನ ಮನೆಯಲ್ಲಿಟ್ಟು, ಕೇಬಲಿನ ಮತ್ತೊಂದು ತುದಿಯ ಎರಡು ಭಾಗಗಳಿಗೆ ಕಡ್ಡಿಗಳನ್ನು ತಾಗಿಸಬೇಕು. ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೋ ಓಮು ತೋರಿದರೆ ಕ್ಷೇಮ. ನಮ್ಮ ವಾದ್ಯವು ಏನನ್ನೂ ತೋರಿಸಲಿಲ್ಲ; ಎಲ್ಲಿಯೋ ದಾರಿ ಕಡಿದಿತ್ತು. ಮುಚ್ಚಳವನ್ನು ತೆಗೆದು ಪಿಕಪ್ಪಿನ ತಂತಿಗಳನ್ನೇ ಅಳೆದಾಗ 10.6 ಎಂದು ಬಂದಿತು. ಆ ಕ್ಷಣ ಹುಡುಗನ ಮುಖವು ಅರಳಿತು. ಸುರುಳಿಯು ಜೀವಂತವಾಗಿದೆ, ದೋಷವು ಮುಂದಿದೆ ಎಂದು ಅವನೇ ಹೇಳಿದನು. ಹುಡುಕಿದಾಗ ಜ್ಯಾಕಿನ ನೆಲದ ತಂತಿಯ ಬೆಸುಗೆ ಬಿಟ್ಟುಹೋಗಿರುವುದು ಕಂಡುಬಂದಿತು. ಅದಕ್ಕೂ ಕಾರಣವಿದ್ದಿತು. ಜ್ಯಾಕಿನ ನಟ್ಟು ಸಡಿಲವಾಗಿ, ಕೇಬಲು ಚುಚ್ಚಿದಾಗಲೆಲ್ಲ ಜ್ಯಾಕು ಸುತ್ತಿ, ಒಳಗಿನ ತಂತಿಯನ್ನು ಎಳೆಯುತ್ತಿತ್ತು. ಬೆಸುಗೆಯನ್ನು ಮಾತ್ರ ಹಾಕಿ ನಟ್ಟನ್ನು ಬಿಗಿಯದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಗತಿ.

೫. ಬೆಸುಗೆ

30ರಿಂದ 40 ವಾಟಿನ ಬೆಸುಗೆ ಕಡ್ಡಿ ಮತ್ತು ಒಳಗೆ ರಾಳವುಳ್ಳ ಸೋಲ್ಡರ್ ತಂತಿ ಸಾಕು. ತಗಡು ಬೆಸೆಯುವವರ ಆಮ್ಲವನ್ನು ಬಳಸಕೂಡದು, ಅದು ತಾಮ್ರವನ್ನು ತಿನ್ನುತ್ತದೆ. ಕಡ್ಡಿಯಿಂದ ಸೋಲ್ಡರನ್ನು ಕರಗಿಸಿ ಮೆತ್ತುವುದಲ್ಲ. ಕೂಡಿಸಬೇಕಾದ ಲೋಹವನ್ನು ಕಾಯಿಸಿ, ಅದರ ಕಾವಿಗೆ ಸೋಲ್ಡರು ಕರಗಿ ಹರಿಯಬೇಕು. ಒಳ್ಳೆಯ ಬೆಸುಗೆ ನಯವಾಗಿ ಹೊಳೆಯುತ್ತದೆ; ಮಂಕಾಗಿ ಗಂಟುಗಂಟಾಗಿದ್ದರೆ ಅದು ನಿಲ್ಲದು. ಹಳೆಯ ತಂತಿಯು ಗಿಡ್ಡವಾಗಿದ್ದುದರಿಂದ ನಾವು ಹೊಸ ತಂತಿಯನ್ನೇ ಹಾಕಹೊರಟು, ಪಾಟಿನ ಬೆನ್ನ ಮೇಲೆ ಕಡ್ಡಿಯನ್ನು ಬಹಳ ಹೊತ್ತು ಒತ್ತಿಹಿಡಿದು ಆ ಪಾಟನ್ನೇ ಕೆಡಿಸಿದೆವು! ಹೊಸ ಪಾಟಿನ ಬೆಲೆಯನ್ನು ನಾವೇ ತೆತ್ತೆವು. ಬೆನ್ನನ್ನು ಮೊದಲು ಉಜ್ಜುಕಾಗದದಿಂದ ತಿಕ್ಕಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಸೋಲ್ಡರು ಹಿಡಿಯುತ್ತಿತ್ತು. ಸೋಲ್ಡರಿನಲ್ಲಿ ಸೀಸವಿರುವುದುಂಟು, ಕಿಟಕಿಯನ್ನು ತೆರೆದಿಟ್ಟು ಕೆಲಸ ಮಾಡಿ, ಕೈಗಳನ್ನು ಸೋಪಿನಿಂದ ತೊಳೆದ ಬಳಿಕವೇ ತಿಂಡಿಯನ್ನು ಮುಟ್ಟತಕ್ಕದ್ದು. ಚಿಕ್ಕ ಮಕ್ಕಳು ಹಿರಿಯರ ಎದುರಿನಲ್ಲಲ್ಲದೆ ಇದನ್ನು ಮಾಡಕೂಡದು.

೬. ಎಚ್ಚರಿಕೆ

ಪೋಷಕರು ಬೇರೆ ಯಾವುದನ್ನು ಮರೆತರೂ ಈ ಭಾಗವನ್ನು ಮರೆಯಬಾರದು. ವಾದ್ಯದೊಳಗಿನ ವಿದ್ಯುತ್ತು ನಿರಪಾಯಕಾರಿ. ಆದರೆ ವಾದ್ಯತಂತಿಗಳು ಕೇಬಲಿನ ಮೂಲಕ ಆಂಪ್ಲಿಫಯರಿನ ಲೋಹದ ಮೈಗೆ ಸೇರಿವೆಯೆಂದು ಮೇಲೆ ಹೇಳಿದೆವಷ್ಟೆ. ಆಂಪ್ಲಿಫಯರಿನ ಭೂಸಂಪರ್ಕವಿಲ್ಲದೆ, ಒಳಗೆ ಎಲ್ಲಿಯಾದರೂ ಹೊದಿಕೆ ಹರಿದರೆ, 230 ವೋಲ್ಟುಗಳು ನೇರವಾಗಿ ನುಡಿಸುವವನ ಬೆರಳಿಗೆ ಬರಬಹುದು. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿ ನಗರದಲ್ಲಿ, ಸ್ಕಾಟ್ಲೆಂಡಿನ ಗಿಟಾರುವಾದಕ ಲೆಸ್ ಹಾರ್ವಿಯವರು ವೇದಿಕೆಯ ಮೇಲೆ ಭೂಸಂಪರ್ಕ ತಪ್ಪಿದ ಮೈಕ್ರೊಫೋನನ್ನು ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು.

ನಮ್ಮ ವಾರ್ಷಿಕೋತ್ಸವಗಳು ಬಯಲು ರಂಗದಲ್ಲಿ ನಡೆಯುವುವು, ನೆಲವು ತೇವವಾಗಿರುವುದು, ಮಕ್ಕಳು ಬರಿಗಾಲಿನಲ್ಲಿರುವರು. ಗುಂಯ್‌ಕಾರವನ್ನು ತಗ್ಗಿಸಲೆಂದು ಮೂರು ಕಡ್ಡಿಯ ಪ್ಲಗ್ಗಿನ ಭೂಸಂಪರ್ಕವನ್ನು ಕಡಿದುಹಾಕುವ ದುರಭ್ಯಾಸವು ಕೆಲವರಲ್ಲಿದೆ. ಎಂದಿಗೂ ಹಾಗೆ ಮಾಡಕೂಡದು, ಮಾಡಗೊಡಕೂಡದು. 30 ಮಿಲಿಆಂಪಿಯರಿನಲ್ಲಿ ಕಡಿದುಕೊಳ್ಳುವ ಸುರಕ್ಷಾ ಸ್ವಿಚ್ಚಿನ ಮೂಲಕವೇ ವೇದಿಕೆಗೆ ವಿದ್ಯುತ್ತು ಬರಬೇಕು. ಆಂಪ್ಲಿಫಯರನ್ನು ಮನೆಯಲ್ಲಿ ಬಿಚ್ಚಲೂಬಾರದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

೭. ಮಳೆಗಾಲ ಮತ್ತು ದಂಡಿ

ನಾಲ್ಕು ತಂತಿಗಳು ಒಟ್ಟಾಗಿ ದಂಡಿಯನ್ನು ಎಪ್ಪತ್ತು ಕಿಲೋಗ್ರಾಂ ತೂಕಕ್ಕೂ ಮೀರಿದ ಬಲದಿಂದ ಎಳೆಯುತ್ತಿರುತ್ತವೆ. ಅದಕ್ಕೆ ಎದುರು ನಿಲ್ಲಲು ದಂಡಿಯೊಳಗೆ ಉಕ್ಕಿನ ಸರಳೊಂದಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ದಂಡಿಯ ಬಾಗು ಬದಲಾಗುತ್ತದೆ. ತಂತಿಯು ಮೆಟ್ಟಿಲಿಗೆ ತಾಗಿ ಝರ್ ಎನ್ನುತ್ತದೆ, ಇಲ್ಲವೆ ಒತ್ತಲಾರದಷ್ಟು ಎತ್ತರವಾಗುತ್ತದೆ. ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒತ್ತಿಹಿಡಿದು, ಏಳೆಂಟನೆಯ ಮೆಟ್ಟಿಲಿನ ಮೇಲೆ ಎಷ್ಟು ಎಡೆಯಿದೆಯೆಂದು ನೋಡಬೇಕು. ಸುಮಾರು 0.3 ಮಿಲಿಮೀಟರು ಯುಕ್ತ. ಎಡೆ ಹೆಚ್ಚಿದ್ದರೆ ಸರಳಿನ ನಟ್ಟನ್ನು ಬಲಕ್ಕೆ, ಕಡಮೆಯಾದರೆ ಎಡಕ್ಕೆ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸಿ, ಶ್ರುತಿ ಮಾಡಿ, ಮರುದಿನ ಮತ್ತೆ ನೋಡಬೇಕು. ಬಲಾತ್ಕಾರ ಕೂಡದು. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ, ತೇವದ ಗೋಡೆಗೆ ಆನಿಸದೆ ಚೀಲದಲ್ಲಿಡುವುದು ಅಗತ್ಯ. ಉಪ್ಪುಗಾಳಿಗೆ ತಂತಿಯೂ ಜ್ಯಾಕೂ ಬೇಗ ತುಕ್ಕು ಹಿಡಿಯುತ್ತವೆ.

೮. ಕೊಳ್ಳುವವರಿಗೆ

ಆರಂಭದ ವಿದ್ಯಾರ್ಥಿಗೆ ಬಹಳ ಗುಬ್ಬಿಗಳ ವಾದ್ಯವು ಬೇಡ. ಒಂದು ಪಿಕಪ್ಪು, ಎರಡು ಗುಬ್ಬಿಗಳಿರುವುದು ಸಾಕು. ಕೆಟ್ಟರೆ ಸರಿಪಡಿಸುವುದೂ ಸುಲಭ. ಚಿಕ್ಕ ಕೈಗಳವರಿಗೆ 30 ಅಂಗುಲದ ಗಿಡ್ಡ ಬಾಸು ಅನುಕೂಲ. 9 ವೋಲ್ಟಿನ ಬ್ಯಾಟರಿಯುಳ್ಳ ವಾದ್ಯವಾದರೆ, ಕೇಬಲು ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿಯು ವ್ಯಯವಾಗುತ್ತದೆಂಬುದನ್ನು ನೆನಪಿಡಬೇಕು.

ಹಳೆಯ ವಾದ್ಯವನ್ನು ಕೊಳ್ಳುವಾಗ ದಂಡಿಯನ್ನು ಬಂದೂಕಿನ ನಳಿಗೆಯಂತೆ ಕಣ್ಣಿಗೆ ಹಿಡಿದು, ತಿರುಚಿದೆಯೇ ಎಂದು ನೋಡಿರಿ. ತಿರುಚಿದ ದಂಡಿಗೆ ಮನೆಮದ್ದಿಲ್ಲ. ಸರಳಿನ ನಟ್ಟು ತಿರುಗುವುದೇ ಎಂದು ಕೇಳಿರಿ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲಿಯೂ ಒತ್ತಿ ನುಡಿಸಿರಿ. ಗುಬ್ಬಿಯ ಕರಕರವು ಹೆದರತಕ್ಕ ದೋಷವಲ್ಲ. ಬೆಲೆಯನ್ನು ಇಳಿಸಲು ಅದೊಂದು ಕಾರಣವಾಗಬಹುದು. ಕೇಬಲು, ಪಟ್ಟಿ ಮತ್ತು ಆಂಪ್ಲಿಫಯರಿಗೆ ಬೇಕಾದ ಹಣವನ್ನು ಮೊದಲೇ ಬೇರೆಯಾಗಿ ತೆಗೆದಿಡಿರಿ. ಸಾಧಾರಣ ಗಿಟಾರಿನ ಚಿಕ್ಕ ಆಂಪ್ಲಿಫಯರಿನಲ್ಲಿ ಬಾಸನ್ನು ಗಟ್ಟಿಯಾಗಿ ನುಡಿಸಿದರೆ ಅದರ ಸ್ಪೀಕರು ಹಾಳಾಗುವುದುಂಟು.

ವಾರ ಕಳೆದ ಮೇಲೆ ಆ ತಂದೆಯವರು ಬಂದರು. ಮಗನು ವಾದ್ಯವನ್ನು ಜೋಡಿಸಿ ಇ ತಂತಿಯನ್ನು ಮೀಟಿದಾಗ ತರಗತಿಯ ಕಿಟಕಿಗಳು ಸಣ್ಣಗೆ ಅದುರಿದುವು. “ಖರ್ಚೆಷ್ಟಾಯಿತು ಮಾಷ್ಟ್ರೇ?” ಎಂದು ಅವರು ಕೇಳಿದರು. ಒಂದು ಗೇಣು ತಂತಿ ಮತ್ತು ಒಂದಿಷ್ಟು ಸೋಲ್ಡರು, ಪಾಟಿನದು ನಮ್ಮ ತಪ್ಪಿನ ದಂಡ, ಎಂದೆವು. ಅವರು ನಕ್ಕು, ವಾದ್ಯವನ್ನು ಮತ್ತೆ ಅದೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಈ ಸಲ ಮಗನ ಹೆಗಲಿಗೇ ಏರಿಸಿದರು.

ಅಭ್ಯಾಸ

1. ಬಾಸ್ ಗಿಟಾರಿಗೆ ನೈಲಾನ್ ತಂತಿಯನ್ನು ಹಾಕಿದರೆ ಪಿಕಪ್ಪಿನಿಂದ ಧ್ವನಿ ಬಾರದೇಕೆ?
2. 34 ಅಂಗುಲವನ್ನು 17.817ರಿಂದ ಭಾಗಿಸಿದರೆ ಮೇರುವಿನಿಂದ ಮೊದಲನೆಯ ಮೆಟ್ಟಿಲಿನ ದೂರವು ದೊರೆಯುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹನ್ನೆರಡು ಮೆಟ್ಟಿಲುಗಳ ಸ್ಥಾನವನ್ನು ಗುಣಿಸಿ, ಹನ್ನೆರಡನೆಯದು 17 ಅಂಗುಲಕ್ಕೆ ಬರುವುದೇ ಎಂದು ತಾಳೆ ನೋಡಿರಿ.
3. ನಿಮ್ಮ ಮನೆಯ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಭೂಸಂಪರ್ಕದ ಕಡ್ಡಿಯು ಉಳಿದವುಗಳಿಗಿಂತ ಉದ್ದವಾಗಿದೆ. ಕಾರಣವನ್ನು ವಿಚಾರಮಾಡಿ ಬರೆಯಿರಿ.