ಗರ್ಭನಷ್ಟದ ರಜೆ, ಮುಂದಿನ ಬಸುರಿನ ಹಕ್ಕು

ರಾಮನಗರದ ನೂಲುಬಿಚ್ಚಣಿಕೆ ಘಟಕದಲ್ಲಿ ದಿನವಿಡೀ ಬಿಸಿನೀರಿನ ಮುಂದೆ ನಿಂತು ಗೂಡಿನ ಎಳೆ ಹಿಡಿಯುವವಳಿಗಾಗಲಿ, ಕನಕಪುರದ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳಿಗಾಗಲಿ ಗರ್ಭ ಇಳಿದುಹೋದಾಗ, ನಾಲ್ಕು ದಿನ ಮಲಗಿ ಎದ್ದರೆ ಸರಿಹೋದೀತೆಂದು ಮನೆಯ ಹಿರಿಯರು ಹೇಳುವುದುಂಟು. ಕಾಯಿದೆಗೆ ಅಷ್ಟು ಅವಸರವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಗರ್ಭಸ್ರಾವದ ಮರುದಿನದಿಂದ ಆರು ವಾರಗಳ ವೇತನಸಹಿತ ರಜೆಯನ್ನು ಕೊಟ್ಟುದಲ್ಲದೆ, ಆ ಅವಧಿಯಲ್ಲಿ ತಿಳಿದೂ ಆಕೆಯಿಂದ ದುಡಿಸುವುದನ್ನು ಮಾಲೀಕನಿಗೆ ನಿಷೇಧಿಸಿತು. ಗರ್ಭಸ್ರಾವದಿಂದ ಕಾಯಿಲೆಯುಂಟಾದರೆ ಇನ್ನೊಂದು ತಿಂಗಳವರೆಗೂ ರಜೆಯುಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ನೌಕರರ ರಾಜ್ಯ ವಿಮೆಯ (ಇ.ಎಸ್.ಐ.) ವಂತಿಗೆ ಕಟ್ಟುವವರು ಈ ರಜೆಯ ಹಣವನ್ನು ಮಾಲೀಕನಲ್ಲಿ ಕೇಳದೆ ಇ.ಎಸ್.ಐ. ಶಾಖಾ ಕಚೇರಿಯಲ್ಲಿ ಕೇಳತಕ್ಕದ್ದು.

ಎಲ್ಲಕ್ಕೂ ಆಧಾರ ವೈದ್ಯರ ಚೀಟಿ. ಅದರಲ್ಲಿ ಗರ್ಭಸ್ರಾವವಾದ ದಿನ, ಗರ್ಭಕ್ಕೆ ತುಂಬಿದ್ದ ವಾರಗಳು, ಆಸ್ಪತ್ರೆಯ ಮೊಹರು ಇವಿಷ್ಟೂ ಇರಬೇಕು. ನಾಚಿಕೆಗೆ ಅಂಜಿ ಬರಿಯ ‘ಹೊಟ್ಟೆನೋವು’ ಎಂದು ಬರೆಸಿಕೊಂಡು ಬಂದರೆ ಹಕ್ಕೂ ಆ ಚೀಟಿಯೊಡನೆ ಹೋಯಿತೆಂದೇ ತಿಳಿಯಬೇಕು. ವಾರಗಳ ಲೆಕ್ಕ ಏಕೆಂದರೆ, 26ನೆಯ ವಾರದೊಳಗಿನದು ಮಾತ್ರ ಗರ್ಭಸ್ರಾವ. ಆ ಬಳಿಕ ಕೂಸು ಸತ್ತು ಹುಟ್ಟಿದರೂ ಕಾಯಿದೆಯ ಕಣ್ಣಿಗೆ ಅದು ಹೆರಿಗೆಯೇ, ಆದಕಾರಣ ರಜೆಯೂ ಹೆರಿಗೆಯದೇ.

ಮತ್ತೆ ಬಸುರಾಗಲು ಎಷ್ಟು ತಿಂಗಳು ಕಾಯಬೇಕೆಂಬುದು ವೈದ್ಯರು ಹೇಳುವ ಮಾತು. ಕಾಯಿದೆ ಅದಕ್ಕೆ ಗಡುವು ವಿಧಿಸಿಲ್ಲ. ಹಿಂದೆ ಪಡೆದ ಆರು ವಾರಗಳನ್ನು ಮುಂದಿನ ಹೆರಿಗೆ ರಜೆಯಲ್ಲಿ ಕಳೆಯುವಂತೆಯೂ ಇಲ್ಲ. ರಜೆ 26 ವಾರಗಳಿಂದ 12ಕ್ಕೆ ಇಳಿಯುವುದು ಬದುಕಿರುವ ಮಕ್ಕಳು ಇಬ್ಬರು ಅಥವಾ ಹೆಚ್ಚಿದ್ದಾಗ ಮಾತ್ರ. ಕಳೆದುಕೊಂಡ ಗರ್ಭ ಆ ಎಣಿಕೆಗೆ ಸೇರದು. ಸರ್ಕಾರಿ ನಿಯಮಗಳಲ್ಲಿ ಇಷ್ಟು ಮನುಷ್ಯತ್ವವನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಮಾಗಡಿಯ ಹಳ್ಳಿಯ ಅಂಗನವಾಡಿಯಲ್ಲಿ ಅರ್ಜಿ ಕೊಡುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯದೂ ಇದೇ ರೀತಿ: ಮೊದಲ ಕೂಸಿನ 5,000 ರೂಪಾಯಿಯಲ್ಲಿ ಒಂದು ಕಂತು ಕೈಸೇರಿದ ಮೇಲೆ ಗರ್ಭ ಕಳೆದರೂ, ಅರ್ಹಳಾದವಳನ್ನು ಮುಂದಿನ ಬಸುರಿನಲ್ಲಿ ಹೊಸ ಫಲಾನುಭವಿಯೆಂದೇ ಪರಿಗಣಿಸತಕ್ಕದ್ದು. ಹಿಂದಿನ ಬಸುರಿನ ದಾಖಲೆಯಾದ ಹಳೆಯ ತಾಯಿ ಕಾರ್ಡನ್ನು ಎಸೆಯದಿರುವುದು ಲೇಸು.

ಆದರೆ ಚನ್ನಪಟ್ಟಣದ ಮನೆಯ ಹಜಾರದಲ್ಲಿ ನಾಲ್ಕೈದು ಮಂದಿ ಕುಳಿತು ಆಟಿಕೆಗೆ ಅರಗಿನ ಬಣ್ಣ ಹಚ್ಚುವಲ್ಲಿಗೆ ರಜೆಯ ಈ ಹಕ್ಕು ತಲುಪುವುದಿಲ್ಲ. ಹತ್ತು ಮಂದಿಗಿಂತ ಕಡಿಮೆಯವರು ದುಡಿಯುವ ಕಡೆ ಕಾಯಿದೆ ಸಾಮಾನ್ಯವಾಗಿ ಹೊಸಿಲಿನಾಚೆಯೇ ನಿಲ್ಲುತ್ತದೆ. ಇದು ಅನ್ಯಾಯವೆಂದು ಹೇಳಲು ನನಗೆ ಸಂಕೋಚವಿಲ್ಲ. ಹಕ್ಕಿದ್ದೂ ರಜೆ ದೊರೆಯದವರು, ರಜೆಯಲ್ಲಿರುವಾಗಲೇ ಕೆಲಸದಿಂದ ತೆಗೆಯಲ್ಪಟ್ಟವರು ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬಹುದು. ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಯು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವನ್ನು ವಿಚಾರಿಸದೆ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ದೂರವಾಣಿ 15100.