ರೈನ್ ನದಿಯ ಕ್ರೂಸ್: ಒಂದು ಸೆಂಟಿಮೀಟರ್ ನೀರಿನ ಬೆಲೆ

ರಿವರ್ ಕ್ರೂಸ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ರೀಲ್ಸ್‌ನಲ್ಲಿ ನೋಡಿದ ಚಿತ್ರ. ಬಿಳಿ ಹಡಗು, ಡೆಕ್ ಮೇಲೆ ಸಾಲಾಗಿ ಕುರ್ಚಿಗಳು, ಎರಡೂ ಕಡೆ ಬೆಟ್ಟ, ಬೆಟ್ಟದ ನೆತ್ತಿಯಲ್ಲೊಂದು ಹಳೇ ಕೋಟೆ. ಎಷ್ಟೋ ಸಲ ಆ ಚಿತ್ರ ಜರ್ಮನಿಯ ರೈನ್ ನದಿಯದ್ದೇ ಆಗಿರುತ್ತೆ. ಈ ಲೇಖನದಲ್ಲಿ ನಾವು ಆ ಪ್ರಯಾಣವನ್ನ ಟಿಕೆಟ್ ಇಲ್ಲದೆ ಮಾಡೋಣ. ಜೊತೆಗೆ ತಗೊಳ್ಳಬೇಕಾದ್ದು ಒಂದು ಕ್ಯಾಲ್ಕ್ಯುಲೇಟರ್ ಮತ್ತು ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್. ಇಂಟರ್ನಲ್ಸ್‌ಗೆ ಅಂತ ಬಾಯಿಪಾಠ ಮಾಡಿದ ಸೂತ್ರಗಳ ಮೇಲೆ ಅಲ್ಲಿ ಜನರ ಜೀವ, ಊರಿನ ಕೆಲಸ ಎರಡೂ ನಿಂತಿವೆ.

ಮೊದಲು ನದಿಯ ಪರಿಚಯ

ರೈನ್ ಹುಟ್ಟೋದು ಸ್ವಿಟ್ಜರ್ಲೆಂಡ್‌ನ ಆಲ್ಪ್ಸ್ ಪರ್ವತಗಳಲ್ಲಿ. ಸುಮಾರು 1230 ಕಿ.ಮೀ. ಹರಿದು ನೆದರ್‌ಲೆಂಡ್ಸ್‌ನಲ್ಲಿ ಉತ್ತರ ಸಮುದ್ರ ಸೇರುತ್ತೆ. ದಡದಲ್ಲಿ ನಮ್ಮ ಹೈವೇಗಳ ಮೈಲಿಗಲ್ಲಿನ ಹಾಗೆ ಕಿಲೋಮೀಟರ್ ಫಲಕಗಳಿವೆ. ಕಾನ್‌ಸ್ಟಾನ್ಜ್ ಊರಿನ ಸೇತುವೆ ಸೊನ್ನೆ. ಅಲ್ಲಿಂದ ಸಮುದ್ರದ ಕಡೆಗೆ ಅಂಕಿ ಏರುತ್ತಾ ಹೋಗುತ್ತೆ.

ಸಮುದ್ರದ ಹಡಗುಗಳ ಸರಕು ಈ ನದಿಯ ಮೇಲೆ ಬಾಸೆಲ್ ನಗರದವರೆಗೂ ಬರುತ್ತೆ. ಬಾಸೆಲ್ ಅನ್ನೋ ಹೆಸರು ಕನ್ನಡದವರಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಶುರುವಾದ ಬಾಸೆಲ್ ಮಿಷನ್‌ನಿಂದಲೇ ಹರ್ಮನ್ ಮೋಗ್ಲಿಂಗ್, ಫರ್ಡಿನಾಂಡ್ ಕಿಟ್ಟೆಲ್ ನಮ್ಮ ಕಡೆಗೆ ಬಂದದ್ದು. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಎರಡರ ಹಿಂದೆಯೂ ಈ ನದಿದಡದ ಊರಿನ ನಂಟಿದೆ.

ಇವತ್ತು ನಾವು ನೋಡೋ ರೈನ್ ಪೂರ್ತಿ ಪ್ರಕೃತಿ ಮಾಡಿದ್ದಲ್ಲ. ಬಾಸೆಲ್‌ನಿಂದ ಕೆಳಗೆ ನದಿ ಮೊದಲು ಹಾವಿನ ಥರ ಹತ್ತಾರು ಕವಲಾಗಿ ಸುತ್ತುತ್ತಿತ್ತು; ಪ್ರವಾಹ ಬಂದರೆ ಹಳ್ಳಿಗಳೇ ಮುಳುಗುತ್ತಿದ್ದವು. ಯೋಹಾನ್ ಗಾಟ್‌ಫ್ರೀಡ್ ಟುಲ್ಲಾ ಅನ್ನೋ ಎಂಜಿನಿಯರ್ ತಿರುವುಗಳನ್ನ ಕತ್ತರಿಸಿ ನದಿಯನ್ನ ನೇರ ಮಾಡುವ ಯೋಜನೆ ಹಾಕಿದ. 1817ರಲ್ಲಿ ಶುರುವಾದ ಕೆಲಸ 1876ಕ್ಕೆ ಮುಗಿಯಿತು. ನೋಡೋಕೆ ಟುಲ್ಲಾ ಇರಲಿಲ್ಲ, ಆತ 1828ರಲ್ಲೇ ತೀರಿಕೊಂಡಿದ್ದ. ನದಿ ಸುಮಾರು 81 ಕಿ.ಮೀ. ಗಿಡ್ಡವಾಯಿತು. ಇಳಿತ ಅಷ್ಟೇ, ದೂರ ಕಡಿಮೆ. ಅಂದರೆ ಸ್ಲೋಪ್ ಜಾಸ್ತಿ, ವೇಗ ಜಾಸ್ತಿ. ವೇಗ ಜಾಸ್ತಿಯಾದ ನೀರು ತಳವನ್ನ ಕೊರೆಯಿತು, ಪ್ರವಾಹ ಕೆಳಗಿನ ಊರುಗಳಿಗೆ ಬೇಗ ತಲುಪತೊಡಗಿತು. ಮೇಲಿನವರ ಸಮಸ್ಯೆ ಪರಿಹಾರವಾದಾಗ ಅದರ ಒಂದು ಪಾಲು ಕೆಳಗಿನವರಿಗೆ ಹೋಯಿತು.

65 ಕಿಲೋಮೀಟರ್‌ನಲ್ಲಿ ಏನೇನಿದೆ?

ಕ್ರೂಸ್‌ಗೆ ಹೆಸರುವಾಸಿಯಾದ ಭಾಗ ರ್ಯೂಡೆಸ್‌ಹೈಮ್ ಮತ್ತು ಬಿಂಗೆನ್‌ನಿಂದ ಕೋಬ್ಲೆನ್ಜ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆ. 2002ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೆಲ ನಿಧಾನವಾಗಿ ಮೇಲೇಳುತ್ತಿದ್ದಾಗ ನದಿ ತನ್ನ ಜಾಗ ಬಿಡದೆ ಅದನ್ನ ಕೊರೆಯುತ್ತಾ ಹೋದದ್ದರಿಂದ ಆದ ಕಣಿವೆ ಇದು. ಇಳಿಜಾರಿನ ಸ್ಲೇಟ್ ಕಲ್ಲು ಹಗಲಿನ ಬಿಸಿಲನ್ನ ಹೀರಿಟ್ಟುಕೊಳ್ಳುತ್ತೆ. ಅದಕ್ಕೇ ಅಷ್ಟು ಉತ್ತರದಲ್ಲೂ ಅಲ್ಲಿ ದ್ರಾಕ್ಷಿ ತೋಟಗಳಿವೆ.

ಈ ಪುಟ್ಟ ಹಾದಿಯಲ್ಲಿ ಸುಮಾರು 40 ಕೋಟೆಗಳು! ರಾಜರಿಗೆ ಅಷ್ಟೊಂದು ಕೋಟೆ ಯಾಕೆ ಬೇಕಿತ್ತು? ಒಂದು ದೊಡ್ಡ ಕಾರಣ ಸುಂಕ. ದೋಣಿಗೆ ಬೇರೆ ದಾರಿಯಿಲ್ಲ, ಕಣಿವೆ ಇಕ್ಕಟ್ಟು, ನಿಲ್ಲಿಸೋದು ಸುಲಭ. ಕೌಬ್ ಊರಿನ ಹತ್ತಿರ ನದಿಯ ನಡುಗಡ್ಡೆಯ ಮೇಲೇ ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್ ಅನ್ನೋ ಕೋಟೆಯಿದೆ. 1327ರ ಹೊತ್ತಿಗೆ ಶುರುವಾದ ಈ ಸುಂಕದಕಟ್ಟೆ 19ನೇ ಶತಮಾನದವರೆಗೂ ನಡೆಯಿತು. ನಮ್ಮ ಟೋಲ್ ಪ್ಲಾಜಾಗಳ ಮುತ್ತಜ್ಜ ಅನ್ನಬಹುದು. ಅದರ ಆಕಾರ ಗಮನಿಸಿ: ಪ್ರವಾಹ ಎದುರಾಗುವ ಬದಿ ಹಡಗಿನ ಮೂತಿಯ ಹಾಗೆ ಚೂಪು. ಚಳಿಗಾಲದಲ್ಲಿ ತೇಲಿಬರುವ ಮಂಜುಗಡ್ಡೆ ಗೋಡೆಗೆ ನೇರ ಬಡಿಯದೆ ಸೀಳಿ ಪಕ್ಕಕ್ಕೆ ಹೋಗಲಿ ಅಂತ.

ಸುಂಕದ ಕಾಟ ತಪ್ಪಿದ್ದು ಒಪ್ಪಂದಗಳಿಂದ. 1815ರ ವಿಯೆನ್ನಾ ಸಮಾವೇಶದಲ್ಲಿ ರೈನ್‌ಗೆ ಒಂದು ಅಂತರರಾಷ್ಟ್ರೀಯ ಆಯೋಗ ಆಗಬೇಕೆಂದು ತೀರ್ಮಾನವಾಯಿತು. 1868ರ ಮ್ಯಾನ್‌ಹೈಮ್ ಒಪ್ಪಂದ ಮುಕ್ತ ಸಂಚಾರವನ್ನ ಗಟ್ಟಿ ಮಾಡಿತು. ಅಷ್ಟರಲ್ಲಿ ಉಗಿ ಹಡಗುಗಳು ಬಂದಿದ್ದವು. ಕಲೋನ್ ಮತ್ತು ಮೈನ್ಜ್ ನಡುವೆ 1827ರಿಂದಲೇ ನಿಯಮಿತ ಸೇವೆ ಇತ್ತು. ಆ ಕಾಲದ ನೆನಪಿಗೆ 1913ರಲ್ಲಿ ಕಟ್ಟಿದ 'ಗೊಯಥೆ' ಅನ್ನೋ ಪೆಡಲ್ ಚಕ್ರದ ಹಡಗು ಇನ್ನೂ ಇದೆ. ಚಕ್ರ ಹಳೆಯದೇ, ಆದರೆ ಅದನ್ನ ತಿರುಗಿಸೋದು ಈಗ ಉಗಿ ಅಲ್ಲ, ಡೀಸೆಲ್.

ಮೇಲಕ್ಕೆ ಹೋಗೋದಾ, ಕೆಳಕ್ಕೆ ಬರೋದಾ?

ಕ್ರೂಸ್ ಬುಕ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ನೀರಿಗೆ ಹೋಲಿಸಿದರೆ ಹಡಗಿನ ವೇಗ ಗಂಟೆಗೆ 18 ಕಿ.ಮೀ., ಪ್ರವಾಹದ ವೇಗ 6 ಕಿ.ಮೀ. ಅಂತ ಇಟ್ಕೊಳ್ಳಿ. ಕೆಳಗೆ ಬರುವಾಗ 18 + 6 = 24, ಮೇಲೆ ಹೋಗುವಾಗ 18 − 6 = 12. 60 ಕಿ.ಮೀ. ದೂರಕ್ಕೆ ಒಂದು ಕಡೆ ಎರಡೂವರೆ ಗಂಟೆ, ಇನ್ನೊಂದು ಕಡೆ ಐದು ಗಂಟೆ. ಪಿಯುಸಿಯಲ್ಲಿ ಮಾಡಿದ ರಿಲೇಟಿವ್ ವೆಲಾಸಿಟಿ ಲೆಕ್ಕವೇ. ಕೋಟೆಗಳನ್ನ ನಿಧಾನವಾಗಿ ನೋಡಬೇಕು ಅಂದರೆ ಪ್ರವಾಹದ ಎದುರು ಹೋಗೋ ಹಡಗು ಹತ್ತಿ. ರೈಲು ಹಿಡಿಯೋ ಅವಸರ ಇದ್ದರೆ ಕೆಳಗೆ ಬರೋದು.

ಕ್ಯಾಪ್ಟನ್‌ಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಕೆಳಗೆ ಬರುವ ಹಡಗನ್ನ ನೀರೇ ಹಿಂದಿನಿಂದ ದೂಡುತ್ತೆ, ಬೇಗ ನಿಲ್ಲಿಸೋಕಾಗಲ್ಲ. ಹಾಗಾಗಿ ರೈನ್‌ನ ನಿಯಮದ ಪ್ರಕಾರ ಮೇಲೆ ಹೋಗುವವನೇ ದಾರಿ ಬಿಡಬೇಕು, ಯಾವ ಪಕ್ಕದಿಂದ ಹಾಯಬೇಕು ಅನ್ನೋದನ್ನೂ ಅವನೇ ತೋರಿಸಬೇಕು. ಸಾಮಾನ್ಯವಾಗಿ ಎಡಬದಿಗೆ ಎಡಬದಿ. ಅದು ಬೇಡ, ಬಲಬದಿಗೆ ಬಲಬದಿ ಹಾಯೋಣ ಅಂದರೆ ನೀಲಿ ಫಲಕ ಹೊರಗೆ ಚಾಚಿ ಬಿಳಿ ದೀಪ ಮಿಟುಕಿಸುತ್ತಾರೆ. ನಮ್ಮ ಘಾಟಿ ರಸ್ತೆಗಳಲ್ಲಿ ನಿಯಮ ಇದಕ್ಕೆ ಉಲ್ಟಾ: ಅಲ್ಲಿ ಮೇಲೆ ಹತ್ತುವ ಗಾಡಿಗೆ ಮೊದಲ ಹಕ್ಕು. ಬಸ್ಸಿಗೆ ಬ್ರೇಕ್ ಇದೆ, ಹಡಗಿಗಿಲ್ಲ. ಯೋಚನೆ ಮಾಡಿದರೆ ಎರಡೂ ಸರಿ ಅನ್ನಿಸುತ್ತೆ.

ಹಡಗು ಆ ಅಳತೆಯಲ್ಲೇ ಯಾಕೆ?

ಯುರೋಪಿನ ದೊಡ್ಡ ನದಿ ಕ್ರೂಸ್ ಹಡಗುಗಳ ಅಳತೆ ಹೆಚ್ಚುಕಡಿಮೆ ಒಂದೇ: 135 ಮೀಟರ್ ಉದ್ದ, ಸುಮಾರು 11.4 ಮೀಟರ್ ಅಗಲ. ಇದು ಡಿಸೈನರ್‌ನ ಇಷ್ಟ ಅಲ್ಲ, ನದಿ ಹಾಕಿದ ಷರತ್ತು. ರೈನ್‌ನಿಂದ ಮೈನ್ ನದಿಗೆ, ಅಲ್ಲಿಂದ 1992ರಲ್ಲಿ ಪೂರ್ತಿಯಾದ ಕಾಲುವೆ ಮೂಲಕ ಡ್ಯಾನ್ಯೂಬ್‌ಗೆ ಹೋಗಬೇಕಾದರೆ ಹಲವು ಲಾಕ್‌ಗಳನ್ನ ದಾಟಬೇಕು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರೋ ಕಾಂಕ್ರೀಟ್ ತೊಟ್ಟಿ. ನೀರು ತುಂಬಿಸಿ ಹಡಗನ್ನ ಮೇಲೆತ್ತೋದು, ನೀರು ಬಿಟ್ಟು ಕೆಳಗಿಳಿಸೋದು. ಆ ಕಾಲುವೆಯ ಲಾಕ್‌ನ ಅಗಲ 12 ಮೀಟರ್. ಹಡಗಿನ ಎರಡೂ ಪಕ್ಕ ಉಳಿಯೋದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ. ಎತ್ತರಕ್ಕೂ ಮಿತಿಯಿದೆ, ಸೇತುವೆಗಳ ಕೆಳಗೆ ನುಸುಳಬೇಕಲ್ಲ. ಅದಕ್ಕೇ ಕ್ಯಾಪ್ಟನ್ ಕೂರುವ ಕ್ಯಾಬಿನ್ ಹೈಡ್ರಾಲಿಕ್ಸ್‌ನಿಂದ ಕೆಳಗಿಳಿಯುತ್ತೆ.

ಉಳಿದದ್ದು ಆಳ. ಇಲ್ಲಿ ಆರ್ಕಿಮಿಡೀಸ್ ಬರ್ತಾನೆ. 135 × 11.4 ಅಂದರೆ 1539 ಚದರ ಮೀಟರ್. ಮೂತಿ ಮತ್ತು ಹಿಂಬದಿ ದುಂಡಗಿರೋದರಿಂದ ಅದರ ಶೇ. 90 ತಗೊಳ್ಳೋಣ, ಸುಮಾರು 1385 ಚದರ ಮೀಟರ್. ಹಡಗು ಒಂದು ಸೆಂಟಿಮೀಟರ್ ಜಾಸ್ತಿ ಮುಳುಗಬೇಕಾದರೆ ಅದು 13.85 ಘನ ಮೀಟರ್ ನೀರನ್ನ ಪಕ್ಕಕ್ಕೆ ಸರಿಸಬೇಕು. ತೂಕದಲ್ಲಿ ಸುಮಾರು 14 ಟನ್. ಈಗ 190 ಪ್ರಯಾಣಿಕರು, ತಲೆಗೆ 75 ಕಿಲೋ ಅಂದರೆ 14,250 ಕಿಲೋ. ಅಂದರೆ ಎಲ್ಲ ಪ್ರಯಾಣಿಕರೂ ಒಟ್ಟಿಗೆ ಹತ್ತಿದರೂ ಹಡಗು ಇಳಿಯೋದು ಒಂದೇ ಒಂದು ಸೆಂಟಿಮೀಟರ್! ಹೋಟೆಲ್‌ನಂಥ ಆ ಹಡಗಿನ ತೂಕವೆಲ್ಲ ಸ್ಟೀಲು, ಎಂಜಿನ್, ಅಡುಗೆಮನೆ, ಟ್ಯಾಂಕುಗಳದ್ದೇ.

ಕೇಳೋಕೆ ಖುಷಿಯಾಗುತ್ತೆ, ಆದರೆ ಇದರಲ್ಲೇ ತೊಂದರೆಯೂ ಇದೆ. ನದಿಯಲ್ಲಿ ನೀರು ಕಡಿಮೆಯಾದಾಗ ಸರಕಿನ ಹಡಗು ಸರಕು ಇಳಿಸಿ ಹಗುರಾಗಬಹುದು. ಕ್ರೂಸ್ ಹಡಗು ಯಾರನ್ನ ಇಳಿಸಿದರೂ ಒಂದು ಸೆಂಟಿಮೀಟರ್‌ಗಿಂತ ಮೇಲೆ ಬರಲ್ಲ.

ಕೌಬ್‌ನ ಅಳತೆಪಟ್ಟಿ

ಆಗಲೇ ಹೇಳಿದ ಕೌಬ್ ಊರಿನಲ್ಲಿ ನೀರಿನ ಮಟ್ಟ ಅಳೆಯೋ ಗೇಜ್ ಇದೆ. ಈ ಭಾಗದಲ್ಲಿ ತೀರಾ ಆಳವಿಲ್ಲದ ಜಾಗ ಅದರ ಆಸುಪಾಸಿನಲ್ಲೇ ಇರೋದರಿಂದ ಇಡೀ ನದಿಯ ಸಾಗಾಟಕ್ಕೆ ಇಲ್ಲಿನ ಅಂಕಿಯೇ ಮಾನದಂಡ. 2018ರ ಅಕ್ಟೋಬರ್‌ನಲ್ಲಿ ಗೇಜ್ ತೋರಿಸಿದ್ದು 25 ಸೆಂ.ಮೀ.

ಸುದ್ದಿ ಓದಿದವರು ನದಿಯಲ್ಲಿ ಮೊಣಕಾಲುದ್ದ ನೀರೂ ಇಲ್ಲ ಅಂದುಕೊಂಡಿರಬಹುದು. ಹಾಗಲ್ಲ. ಗೇಜ್‌ನ ಸೊನ್ನೆ ಬೇರೆ, ನದಿಯ ತಳ ಬೇರೆ. ಸೊನ್ನೆ ಅನ್ನೋದು ಒಂದು ಆಧಾರ ಮಟ್ಟ ಅಷ್ಟೇ, ನಮ್ಮ ಸರ್ವೇ ಲ್ಯಾಬ್‌ನ ಬೆಂಚ್‌ಮಾರ್ಕ್ ಥರ. ಕೌಬ್‌ನಲ್ಲಿ ಗೇಜ್ ಅಂಕಿಗೆ ಸುಮಾರು 112 ಸೆಂ.ಮೀ. ಸೇರಿಸಿದರೆ ಹಡಗಿನ ದಾರಿಯ ಆಳ ಸಿಗುತ್ತೆ. 25 + 112 = 137 ಸೆಂ.ಮೀ. ಒಂದೂವರೆ ಮೀಟರ್ ಆಳಕ್ಕೆ ಮುಳುಗುವ ಕ್ರೂಸ್ ಹಡಗಿಗೆ ಅಲ್ಲಿ ದಾರಿಯೇ ಇಲ್ಲ. ಇಂಥ ದಿನಗಳಲ್ಲಿ ಪ್ರಯಾಣಿಕರನ್ನ ಬಸ್ಸಿಗೆ ಹತ್ತಿಸಿ, ಕಷ್ಟದ ಭಾಗದ ಆಚೆ ನಿಂತಿರೋ ಇನ್ನೊಂದು ಹಡಗಿಗೆ ದಾಟಿಸಬೇಕಾಗುತ್ತೆ.

ಆಳ ಸಾಕಷ್ಟಿದೆ ಅನ್ನಿಸಿದರೂ ಜೋರಾಗಿ ಓಡಿಸೋ ಹಾಗಿಲ್ಲ. ಹಡಗಿನ ತಳಕ್ಕೂ ನದಿಯ ತಳಕ್ಕೂ ನಡುವಿನ ಸಂದಿ ಚಿಕ್ಕದಾದಷ್ಟೂ ಅಲ್ಲಿ ನೀರಿನ ವೇಗ ಹೆಚ್ಚಾಗುತ್ತೆ. ಬರ್ನೌಲಿ ಹೇಳಿದ ಹಾಗೆ ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆ. ಹಡಗು ಇನ್ನಷ್ಟು ಕೆಳಕ್ಕೆ ಕೂರುತ್ತೆ. ಇದಕ್ಕೆ ಸ್ಕ್ವಾಟ್ ಅಂತಾರೆ. ಹಾಗಾಗಿ ಅಲ್ಲಿ ನಿಧಾನವೇ ಪ್ರಧಾನ.

ಪ್ರವಾಸಿಗರ ಪ್ಲಾನ್ ಕೆಟ್ಟರೆ ರಜೆ ಹಾಳಾಗುತ್ತೆ ಅಷ್ಟೇ. ಆದರೆ ಅದೇ ನೀರಿನ ಮೇಲೆ ಕಾರ್ಖಾನೆಗಳೂ ನಿಂತಿವೆ. 2018ರ ಆ ಬರದಿಂದ ಲುಡ್‌ವಿಗ್ಸ್‌ಹಾಫೆನ್‌ನ ಬಿ.ಎ.ಎಸ್.ಎಫ್. ರಾಸಾಯನಿಕ ಕಂಪನಿಗೆ ಸುಮಾರು 25 ಕೋಟಿ ಯೂರೋ ನಷ್ಟವಾಯಿತು. ಆಮೇಲೆ ಅವರು ಕಡಿಮೆ ನೀರಿಗೆಂದೇ ಮಾಡಿಸಿದ ಹಡಗು 2023ರಲ್ಲಿ ಸೇವೆಗೆ ಬಂತು. ಅಗಲ 17.5 ಮೀಟರ್, ಗೇಜ್ 30 ಸೆಂ.ಮೀ. ಇದ್ದಾಗಲೂ 800 ಟನ್ ಹೊರುತ್ತೆ. ತತ್ವ ಅದೇ: ಅಗಲ ಹೆಚ್ಚಿಸಿದರೆ ಅಷ್ಟೇ ತೂಕಕ್ಕೆ ಮುಳುಗೋದು ಕಡಿಮೆ. ಅಲ್ಲಿಂದ ಕೆಳಗೆ ಸಮುದ್ರದ ಕಡೆಗೆ ರೈನ್ ಮೇಲೆ ಲಾಕ್‌ಗಳಿಲ್ಲ, ಹಾಗಾಗಿ 12 ಮೀಟರ್ ಮಿತಿಯೂ ಇಲ್ಲ.

ಲೊರೆಲೈ ತಿರುವು

ಕ್ರೂಸ್‌ನಲ್ಲಿ ಎಲ್ಲರೂ ಕ್ಯಾಮೆರಾ ಎತ್ತೋ ಜಾಗ ಲೊರೆಲೈ, ನೀರಿನಿಂದ ಸುಮಾರು 130 ಮೀಟರ್ ಎತ್ತರಕ್ಕೆ ನಿಂತ ಸ್ಲೇಟ್ ಬಂಡೆ. ಬಂಡೆಯ ಮೇಲೆ ಕೂತು ಹಾಡೋ ಹೆಣ್ಣೊಬ್ಬಳು ನಾವಿಕರ ಮನಸ್ಸು ಸೆಳೆದು ದೋಣಿ ಮುಳುಗಿಸ್ತಾಳೆ ಅನ್ನೋ ಕಥೆ ಪ್ರಸಿದ್ಧ. ಕಥೆ ಹುಟ್ಟೋಕೆ ಕಾರಣವೂ ಇದೆ: ಅಲ್ಲಿ ನದಿ ಕಿರಿದಾಗಿ, ಆಳವಾಗಿ, ಚೂಪಾಗಿ ತಿರುಗುತ್ತೆ, ಎದುರಿಂದ ಬರೋದು ಕಾಣಲ್ಲ. ಓಬರ್‌ವೆಸೆಲ್‌ನಿಂದ ಸಾಂಕ್ಟ್ ಗೋವಾರ್‌ವರೆಗೆ ದಡದ ದೀಪಗಳು ಮೇಲೆ ಹೋಗುವವರಿಗೆ 'ಎದುರು ಹಡಗು ಬರ್ತಿದೆ' ಅಂತ ತೋರಿಸುತ್ತವೆ.

2011ರ ಜನವರಿ 13ರಂದು ಇದೇ ತಿರುವಿನ ಹತ್ತಿರ 'ವಾಲ್ಡ್‌ಹೋಫ್' ಅನ್ನೋ ಟ್ಯಾಂಕರ್ ಮಗುಚಿತು. ಅದರಲ್ಲಿ ಸುಮಾರು 2400 ಟನ್ ಸಲ್ಫ್ಯೂರಿಕ್ ಆಮ್ಲ ಇತ್ತು. ನಾಲ್ವರು ಸಿಬ್ಬಂದಿಯಲ್ಲಿ ಇಬ್ಬರು ಬದುಕಲಿಲ್ಲ. ನದಿ ಸಂಚಾರ ವಾರಗಟ್ಟಲೆ ಕಟ್ಟಿಹೋಯಿತು. ತನಿಖೆಯಲ್ಲಿ ಹೊರಬಂದ ಮುಖ್ಯ ಕಾರಣ, ತುಂಬಿದ ರೀತಿಯಿಂದಾಗಿ ಹಡಗಿಗೆ ಬೇಕಾದಷ್ಟು ಸ್ಥಿರತೆ ಇರಲಿಲ್ಲ ಅನ್ನೋದು.

ಹೇಗೆ? ಗಾಢ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ನೀರಿನ 1.84 ಪಟ್ಟು. ಟ್ಯಾಂಕ್ ಪೂರ್ತಿ ತುಂಬೋ ಮೊದಲೇ ತೂಕದ ಮಿತಿ ಮುಟ್ಟುತ್ತೆ, ಮೇಲೆ ಖಾಲಿ ಜಾಗ ಉಳಿಯುತ್ತೆ. ಹಡಗು ಸ್ವಲ್ಪ ವಾಲಿದರೆ ಒಳಗಿನ ದ್ರವವೂ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತೆ. ಅರ್ಧ ತುಂಬಿದ ನೀರಿನ ತಟ್ಟೆ ಹಿಡಿದು ನಡೆದು ನೋಡಿ, ಗೊತ್ತಾಗುತ್ತೆ. ಇದಕ್ಕೆ ಫ್ರೀ ಸರ್ಫೇಸ್ ಎಫೆಕ್ಟ್ ಅಂತ ಹೆಸರು. ಇದರ ಪರಿಣಾಮ ಟ್ಯಾಂಕಿನ ಅಗಲದ ಘನಕ್ಕೆ ಅನುಪಾತ: l × b³ / 12. ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿದರೆ ಪ್ರತಿ ಭಾಗದ ಅಗಲ ಅರ್ಧ, ಪರಿಣಾಮ ಎಂಟನೇ ಒಂದು. ಎರಡು ಭಾಗ ಸೇರಿ ನಾಲ್ಕನೇ ಒಂದು. ಒಂದು ಗೋಡೆಯಿಂದ ಅಪಾಯ ಮುಕ್ಕಾಲು ಭಾಗ ಇಳಿಯುತ್ತೆ.

ಈ b³ ನಮ್ಮ ನೋಟ್ಸ್‌ನಲ್ಲಿ ಎರಡು ಮಾರ್ಕ್ಸಿನ ಡೆರಿವೇಶನ್. ಮುಂದಿನ ಸಲ ಅದನ್ನ ಬರೆಯುವಾಗ ಆ ತಿರುವನ್ನೂ ನೆನೆಸಿಕೊಳ್ಳಿ.

ನೀವೇ ಮಾಡಿ ನೋಡಿ

1. 110 ಮೀಟರ್ ಉದ್ದ, 11.4 ಮೀಟರ್ ಅಗಲದ ಸರಕು ಹಡಗನ್ನ ಆಯತಾಕಾರ ಅಂದುಕೊಳ್ಳಿ. ನೀರು ಕಡಿಮೆಯಾಗಿ 50 ಸೆಂ.ಮೀ. ಮೇಲೇರಬೇಕಾದರೆ ಎಷ್ಟು ಟನ್ ಇಳಿಸಬೇಕು?

2. ಹಡಗಿನ ವೇಗ 16, ಪ್ರವಾಹ 7 ಕಿ.ಮೀ. ಆದರೆ 60 ಕಿ.ಮೀ.ಗೆ ಎರಡೂ ದಿಕ್ಕಿನಲ್ಲಿ ಎಷ್ಟೆಷ್ಟು ಹೊತ್ತು?

3. ಟ್ಯಾಂಕನ್ನ ಉದ್ದಕ್ಕೆ ಮೂರು ಸಮಭಾಗ ಮಾಡಿದರೆ ಫ್ರೀ ಸರ್ಫೇಸ್ ಪರಿಣಾಮ ಎಷ್ಟಕ್ಕೆ ಇಳಿಯುತ್ತೆ?

ಉತ್ತರಗಳು: 627 ಟನ್, ಕೆಳಗೆ ಸುಮಾರು 2.6 ಗಂಟೆ, ಮೇಲೆ ಸುಮಾರು 6.7 ಗಂಟೆ, ಒಂಬತ್ತನೇ ಒಂದು ಭಾಗಕ್ಕೆ. ಉತ್ತರ ಬೇರೆ ಬಂದರೆ ಪಕ್ಕದವರ ಹತ್ತಿರ ಕನ್ನಡದಲ್ಲೇ ಜಗಳ ಆಡಿ ಸರಿ ಮಾಡ್ಕೊಳ್ಳಿ!