ಎಣಿಕೆ ಸರಿ, ರಚನೆ ತಪ್ಪು

ಸ್ತ್ರೀಯ ಜೀವಕೋಶದಲ್ಲಿ 46 ವರ್ಣತಂತುಗಳಿರುವುವು. ಅವುಗಳಲ್ಲಿ ಎರಡು ಎಕ್ಸ್ ತಂತುಗಳೆಂಬುದನ್ನು ನಾವು ಬಲ್ಲೆವು. ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ರಚನೆಯೂ ಸರಿಯೆನ್ನಲಾಗದು. ಕೆಲವೊಮ್ಮೆ ಒಂದು ಎಕ್ಸ್ ತಂತು ತನ್ನ ಗಿಡ್ಡ ತೋಳನ್ನು ಕಳೆದುಕೊಂಡು, ಅದರ ಸ್ಥಾನದಲ್ಲಿ ಇನ್ನೊಂದು ನೀಳ ತೋಳನ್ನೇ ಪಡೆದಿರುತ್ತದೆ.

ಸ್ತ್ರೀಯ ಪ್ರತಿಕೋಶದಲ್ಲಿಯೂ ಒಂದು ಎಕ್ಸ್ ಮೌನವಾಗಿರುವುದೆಂದು 1961ರಲ್ಲಿ ಮೇರಿ ಲಯನ್ ಸೂಚಿಸಿದರು. ಸಾಮಾನ್ಯವಾಗಿ ವಿಕೃತ ತಂತುವೇ ಮೌನವಾಗುವುದು. ಹಾಗಾದರೆ ಹಾನಿಯೇಕೆ? ಗಿಡ್ಡ ತೋಳಿನ ಕೆಲವು ಜೀನುಗಳು ಈ ಮೌನಕ್ಕೆ ಒಳಪಡವು. ಅವು ಎರಡೂ ತಂತುಗಳಲ್ಲಿ ದುಡಿಯಬೇಕು. ಆ ತೋಳಿನ ತುದಿಯ ಶಾಕ್ಸ್ ಜೀನು ಒಂದೇ ಉಳಿದಾಗ ಎಲುಬಿನ ಬೆಳವಣಿಗೆ ಕುಂಠಿತವಾಗುವುದು. ಅಂಡಾಶಯವೂ ಬಹುಮಟ್ಟಿಗೆ ಸೊರಗುವುದು. ಟರ್ನರ್ ಲಕ್ಷಣಕೂಟದ ಒಂದು ಬಗೆಯಿದು. ಬುದ್ಧಿಯು ಸಾಮಾನ್ಯವಾಗಿ ಕುಂದದು.

ಬೇಗನೆ ಗುರುತಿಸಿದರೆ ಹಾರ್ಮೋನು ಚಿಕಿತ್ಸೆಯು ಎತ್ತರಕ್ಕೂ ಪ್ರೌಢಾವಸ್ಥೆಗೂ ನೆರವಾಗುವುದು. ಆದುದರಿಂದ ಎತ್ತರ ಬೆಳೆಯದ ಬಾಲೆಯನ್ನು ಹಾಸ್ಯಮಾಡದೆ, ವೈದ್ಯರಲ್ಲಿಗೆ ಕರೆದೊಯ್ಯೋಣ.